ಲಕೋಟೆಯ ಅಸ್ತರು

ಮನೆಗೆ ಬರುವ ವಸ್ತುಗಳಲ್ಲಿ ಲಕೋಟೆಯಷ್ಟು ಉಪೇಕ್ಷೆಗೆ ಗುರಿಯಾದದ್ದು ಇನ್ನೊಂದಿಲ್ಲ. ಊರಿಂದೂರಿಗೆ ಕಾಗದವನ್ನು ಹೊತ್ತು ತಂದದ್ದು ಅದು. ಅಂಚೆಯ ಮೊಹರಿನ ಪೆಟ್ಟು ತಿಂದದ್ದು ಅದು. ಚೀಲದಲ್ಲಿ ಮುದುಡಿ, ಮಳೆಯಲ್ಲಿ ತಾನು ತೋಯ್ದು, ಒಳಗಿನದನ್ನು ಮಾತ್ರ ಒದ್ದೆಯಾಗಗೊಡದೆ ತಂದೊಪ್ಪಿಸಿದ್ದು ಅದು. ಅಷ್ಟೆಲ್ಲ ಮಾಡಿ ಬಾಗಿಲಿಗೆ ಬಂದ ಲಕೋಟೆಗೆ ನಾವು ಸಲ್ಲಿಸುವ ಮೊದಲ ಮರ್ಯಾದೆಯೆಂದರೆ ಅದರ ಕಿವಿ ಹರಿಯುವುದು. ಎರಡನೆಯ ಮರ್ಯಾದೆ, ಅದರ ಬೆನ್ನ ಮೇಲೆ ಹಾಲಿನ ಲೆಕ್ಕ ಬರೆಯುವುದು. ಮೂರನೆಯದನ್ನು ಹೇಳಬೇಕಾಗಿಲ್ಲ, ಬಚ್ಚಲೊಲೆ ಇರುವ ಮನೆಯವರಿಗೆ ಅದು ಗೊತ್ತು.

ಇಂಥ ಲಕೋಟೆಯ ಒಳಮೈಗೆ ಬಣ್ಣದ ಕಾಗದವನ್ನು ಅಳತೆಗೆ ಕತ್ತರಿಸಿ, ಅಂಟಿಸಿ, ಸಿಂಗರಿಸುವ ಒಂದು ಕೆಲಸವಿದೆ. ಹರಿದು ಎಸೆಯುವ ವಸ್ತುವಿಗೆ ಸಿಂಗಾರ, ಅದೂ ಒಳಗಡೆ. ಇಂಗ್ಲಿಷಿನವರು ಇದನ್ನು ಲೈನರ್ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲ. ಹೆಸರಿಲ್ಲದ ವಸ್ತುವನ್ನು ಕಂಡರೆ ಕನ್ನಡ ಮೇಷ್ಟರಿಗೆ ನಿದ್ದೆ ಬಾರದು. ಕೋಟಿನ ಒಳಗೆ ದರ್ಜಿಯವರು ಕೊಡುವ ತೆಳುಬಟ್ಟೆಗೆ ಅಸ್ತರು ಎನ್ನುವುದುಂಟು. ಪಾರಸಿಯಿಂದ ಬಂದ ಮಾತು. ಲಕೋಟೆಯೂ ಮರಾಠಿಯ ಕಡೆಯಿಂದ ಬಂದದ್ದೇ. ಹೊರಗಿಂದ ಬಂದ ಇಬ್ಬರನ್ನು ಜೊತೆಗೂಡಿಸಿದರೆ ಯಾರ ಆಕ್ಷೇಪಣೆಯೂ ಇರಲಾರದೆಂದು 'ಲಕೋಟೆಯ ಅಸ್ತರು' ಎಂದು ಕರೆದೆ. ನಮ್ಮ ಮನೆಯಲ್ಲಿ ಈಗ ಅದೇ ಮಾತು ನಿಂತಿದೆ.

ಕಾಗದಕ್ಕೆ ಹೊದಿಕೆ ಹಾಕುವ ಬುದ್ಧಿ ಮನುಷ್ಯನಿಗೆ ಹೊಸದಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆ ಮೆಸೊಪೊಟೇಮಿಯಾದವರು ಜೇಡಿಮಣ್ಣಿನ ಹಲಗೆಯ ಮೇಲೆ ಪತ್ರ ಬರೆದು, ಅದರ ಸುತ್ತ ಇನ್ನೊಂದು ಪದರ ಮಣ್ಣನ್ನು ಮೆತ್ತಿ ಮೊಹರೊತ್ತಿ ಕಳಿಸುತ್ತಿದ್ದರು. ಆ ಲಕೋಟೆಯನ್ನು ಹರಿಯುವಂತಿರಲಿಲ್ಲ, ಒಡೆಯಬೇಕಾಗಿತ್ತು. ನಮ್ಮ ಹಿರಿಯರಿಗೆ ತಾಳೆಯ ಗರಿ ಸಿಕ್ಕಿತ್ತು. ಕನ್ನಡದಲ್ಲಿ ಆ ಗರಿಯೂ ಓಲೆ. ಅದರ ಮೇಲೆ ಬರೆದು ಕಳಿಸಿದ ಪತ್ರವೂ ಓಲೆ. ಅದನ್ನೇ ಸುರುಳಿ ಸುತ್ತಿ ಹೆಣ್ಣುಮಕ್ಕಳು ಕಿವಿಗಿಟ್ಟುಕೊಂಡರೆ ಆ ಆಭರಣವೂ ಓಲೆ. ಗರಿ ಹೋಗಿ ಚಿನ್ನ ಬಂದರೂ ಹೆಸರು ಬದಲಾಗಲಿಲ್ಲ. ಸುದ್ದಿಗೂ ಸಿಂಗಾರಕ್ಕೂ ಒಂದೇ ಮಾತಿಟ್ಟುಕೊಂಡ ನುಡಿಯವರು ನಾವು. ಮದುವೆಯ ಪತ್ರಿಕೆಗೆ ಕರೆಯೋಲೆಯೆಂಬ ಹೆಸರು ಇಂದಿಗೂ ಉಳಿದಿದೆಯಷ್ಟೆ.

ಕಾಗದದ ಲಕೋಟೆ ಮಾತ್ರ ಇತ್ತೀಚಿನದು. ಇಂಗ್ಲೆಂಡಿನಲ್ಲಿ 1840ಕ್ಕೆ ಮುಂಚೆ ಅಂಚೆಯ ಖರ್ಚನ್ನು ದೂರ ನೋಡಿ, ಹಾಳೆ ಎಣಿಸಿ ವಸೂಲು ಮಾಡುತ್ತಿದ್ದರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯೆಂದು ಲೆಕ್ಕಕ್ಕೆ ಬರುತ್ತಿತ್ತು. ಆದ್ದರಿಂದ ಜಾಣರು ಪತ್ರವನ್ನೇ ಮಡಿಸಿ, ಬೆನ್ನ ಮೇಲೆ ವಿಳಾಸ ಬರೆದು, ಅರಗು ಹಾಕಿ ಕಳಿಸುತ್ತಿದ್ದರು. 1840ರಲ್ಲಿ ತೂಕಕ್ಕೆ ತಕ್ಕ ಒಂದು ಪೆನ್ನಿಯ ದರ ಬಂದ ಮೇಲೆ ಲಕೋಟೆಗೆ ಬೆಲೆ ಬಂತು. 1845ರಲ್ಲಿ ಎಡ್ವಿನ್ ಹಿಲ್ ಮತ್ತು ವಾರೆನ್ ಡಿ ಲಾ ರೂ ಎಂಬಿಬ್ಬರು ಲಕೋಟೆ ಮಡಿಸುವ ಯಂತ್ರಕ್ಕೆ ಪೇಟೆಂಟು ಪಡೆದರು. ಈ ಡಿ ಲಾ ರೂ ಖಗೋಳದ ಹುಚ್ಚಿದ್ದವರು. 1860ರ ಸೂರ್ಯಗ್ರಹಣದ ಛಾಯಾಚಿತ್ರ ತೆಗೆಯಲು ಸ್ಪೇನಿಗೆ ಹೋದವರು. 1855ರಿಂದ ಸುಮಾರು ಎಪ್ಪತ್ತು ವರ್ಷ ಭಾರತದ ಅಂಚೆಚೀಟಿಗಳನ್ನು ಅಚ್ಚುಹಾಕಿದ್ದೂ ಅವರ ಮನೆತನದ ಮುದ್ರಣಾಲಯವೇ. ಲಕೋಟೆಯ ಒಳಮೈಗೆ ಬಣ್ಣ ಬಂದದ್ದು ಒಂದು ಭಯದಿಂದ. ಕಾಗದ ತೆಳ್ಳಗಿದ್ದರೆ ಬೆಳಕಿಗೆ ಹಿಡಿದವನಿಗೆ ಒಳಗಿನ ಬರಹ ಕಾಣುತ್ತದೆ. ಅದಕ್ಕೆ ಇನ್ನೊಂದು ಪದರ ಬೇಕು. ಬ್ಯಾಂಕಿನ ಲಕೋಟೆಯ ಒಳಗೆ ಒತ್ತೊತ್ತಾಗಿ ಅಚ್ಚಾಗಿರುವ ನೀಲಿ ಗೀರುಗಳು ಇಂದಿಗೂ ಆ ಕೆಲಸವನ್ನೇ ಮಾಡುತ್ತವೆ. ಗುಟ್ಟು ಕಾಯಲು ಬಂದ ಪದರ ಕಾಲಕ್ರಮದಲ್ಲಿ ಒಡವೆಯಾಯಿತು.

ನಮ್ಮ ಮದುವೆಯ ಪತ್ರಿಕೆಗೆ ಗುಟ್ಟಿನ ಗೊಡವೆಯೇ ಇರಲಿಲ್ಲ. ಲಕೋಟೆಯ ಬಾಯಿಗೆ ಗೋಂದು ಹಚ್ಚದೆ, ಕಿವಿಯನ್ನು ಒಳಕ್ಕೆ ಸಿಕ್ಕಿಸಿ, ಮೇಲೆ 'ಬುಕ್ ಪೋಸ್ಟ್' ಎಂದು ಬರೆದು ಕಡಿಮೆ ದರದಲ್ಲಿ ಕಳಿಸುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಬಲ್ಲರು. ಅಂಚೆಯವರೂ ಬೇಕಾದರೆ ಬಿಚ್ಚಿ ಓದಬಹುದಾಗಿತ್ತು. ಗುಟ್ಟಿಲ್ಲದ ಆ ಕಾಗದಕ್ಕೆ ಗೌರವ ಬರುತ್ತಿದ್ದದ್ದು ಬೇರೆ ಕಡೆಯಿಂದ. ಅಚ್ಚಿನ ಮನೆಯಿಂದ ಕಟ್ಟು ಬಂದ ಕೂಡಲೇ ಮೊದಲ ಪ್ರತಿಯನ್ನು ದೇವರ ಮುಂದಿಟ್ಟು, ಮನೆಯ ಹಿರಿಯ ಮುತ್ತೈದೆ ಬಟ್ಟಲಿನಲ್ಲಿ ಅರಿಸಿನ ಕಲಸಿ, ಒಂದೊಂದು ಪತ್ರಿಕೆಯ ನಾಲ್ಕು ಮೂಲೆಗೂ ಬೆರಳಿನಿಂದ ಹಚ್ಚಬೇಕು. ಅಲ್ಲಿಯತನಕ ಅದು ಅಚ್ಚಾದ ಕಾಗದ, ಆಮೇಲೆ ಕರೆ. ಈಚೆಗೆ ಮೂಲೆಯ ಹಳದಿಯನ್ನೂ ಅಚ್ಚಿನಲ್ಲೇ ಮುಗಿಸಿಕೊಡುವ ಪತ್ರಿಕೆಗಳಿವೆ. ಅವುಗಳಲ್ಲಿ ಪ್ರತಿಯೊಂದು ಮೂಲೆಯೂ ಒಂದೇ ಸಮ. ಬೆರಳು ಹಚ್ಚಿದ್ದರಲ್ಲಿ ಎರಡು ಮೂಲೆ ಒಂದೇ ಸಮ ಇರುವುದಿಲ್ಲ. ನೂರನೆಯ ಪತ್ರಿಕೆಯ ಹೊತ್ತಿಗೆ ಕೈ ಸೋತದ್ದೂ ಅದರಲ್ಲಿ ಕಾಣುತ್ತದೆ.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ತಂಗಿಯ ಮಗಳ ಮದುವೆ. ತಂಗಿಯದು ಹಿರಿಯೂರು. 2022ರಲ್ಲಿ ವಾಣಿವಿಲಾಸ ಸಾಗರ ಎಂಬತ್ತೊಂಬತ್ತು ವರ್ಷಗಳ ಮೇಲೆ ಕೋಡಿ ಬಿದ್ದು, ಸೀಮೆಯ ಜನವೆಲ್ಲ ಬಸ್ಸು ಲಾರಿ ಹತ್ತಿಕೊಂಡು ಮಾರಿಕಣಿವೆಗೆ ಹೋಗುತ್ತಿದ್ದ ದಿನಗಳಲ್ಲಿ ಅವಳ ಗಂಡ ತೀರಿಕೊಂಡರು. ಅಲ್ಲಿಂದೀಚೆಗೆ ಮಗಳ ಮದುವೆಯ ಭಾರ ಸೋದರಮಾವನಾದ ನನ್ನದೂ ಆಯಿತು. ಗಂಡಿನವರು ಹೊಸದುರ್ಗದವರು. ಮಾತುಕತೆ ಮುಗಿದ ಮೇಲೆ ತಂಗಿ ಮತ್ತು ಮಗಳು ಮದಕರಿಪುರದ ನಮ್ಮ ಮನೆಗೇ ಬಂದು ಇದ್ದರು. ದುರ್ಗದ ಪೇಟೆ ಹತ್ತಿರ. ಸೀರೆ, ಪಾತ್ರೆ, ಪತ್ರಿಕೆ ಎಲ್ಲಕ್ಕೂ ಅನುಕೂಲ.

ಪತ್ರಿಕೆಯೇ ಬೇಡವೆಂಬ ಪಕ್ಷ ಮನೆಯಲ್ಲಿತ್ತು. ಅದರ ನಾಯಕ ನನ್ನ ಮಗ. ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಐನೂರು ಜನಕ್ಕೆ ಕರೆ ಹೋಗುತ್ತದೆ, ಹಾಡೂ ಬರುತ್ತದೆ, ದೀಪವೂ ಉರಿಯುತ್ತದೆ ಎಂದು ವಾದಿಸಿದ. ಅವನ ವಾದದಲ್ಲಿ ಲೋಪವಿರಲಿಲ್ಲ. ಆದರೆ ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಸುದ್ದಿ ಮುಟ್ಟಿಸುವುದಷ್ಟೇ ಎಂದು ಯಾರೂ ತಿಳಿದಿಲ್ಲ. 'ಪೋಸ್ಟಿನಲ್ಲಿ ಕಳಿಸಿದ್ರು' ಎಂದು ಮುನಿದುಕೊಂಡು ಮದುವೆಗೆ ಬಾರದವರ ಕಥೆ ಪ್ರತಿ ಮನೆಯಲ್ಲೂ ಒಂದಿದೆ. ಹತ್ತಿರದವರ ಮನೆಗೆ ಹೋಗಬೇಕು. ಕುಂಕುಮವಿಟ್ಟು, ಪತ್ರಿಕೆ ಕೈಗೆ ಕೊಟ್ಟು, 'ನೀವೇ ಮುಂದೆ ನಿಂತು ನಡೆಸಿಕೊಡಬೇಕು' ಎನ್ನಬೇಕು. ಹೀಗೆ ಕೈಯಲ್ಲಿ ಕೊಡಲು ಒಂದು ವಸ್ತು ಬೇಕು. ಶಿವಕಾಶಿಯ ನಮೂನೆ ಪುಸ್ತಕವನ್ನು ತಿರುವಿ ತಿರುವಿ, ಕೊನೆಗೆ ಎಲ್ಲಕ್ಕಿಂತ ಸಾದಾ ಕಾರ್ಡು, ಬಿಳಿಯ ಲಕೋಟೆ, ಇನ್ನೂರಿಪ್ಪತ್ತು ಪ್ರತಿ ಎಂದು ಗೊತ್ತುಮಾಡಿದೆವು.

ಕಟ್ಟು ಮನೆಗೆ ಬಂದ ಸಂಜೆ ಹೊಳಲ್ಕೆರೆಯಿಂದ ನಮ್ಮ ಸೋದರತ್ತೆ ಬಂದಿದ್ದರು. ಎಂಬತ್ತು ದಾಟಿದವರು, ಅತ್ತೆಮಾವ, ನಂಟರಿಷ್ಟರ ಮುವ್ವತ್ತು ಮದುವೆಗಳ ಅರಿಸಿನ ಕಂಡವರು. ನನ್ನ ಹೆಂಡತಿ ಬಟ್ಟಲಿನಲ್ಲಿ ಅರಿಸಿನ ಕಲಸಿ ತಂದಿಟ್ಟಳು. ತಂಗಿ ಅಭ್ಯಾಸಬಲದಿಂದ ಕೈ ಮುಂದೆ ಮಾಡಿದಳು. ಅತ್ತೆ ಜೋರು ಮಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. "ನೀನು ಬ್ಯಾಡ ಕಣವ್ವ. ಅವಳು ಹಚ್ತಾಳೆ, ಬಿಡು" ಎಂದಷ್ಟೇ ಹೇಳಿದರು. ಹೆತ್ತ ಮಗಳ ಮದುವೆ. ಇಪ್ಪತ್ತನಾಲ್ಕು ವರ್ಷ ಸಾಕಿದ ಕೈ. ತಂಗಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಅದಕ್ಕೆ ಅರಿಸಿನ ಇನ್ನೂ ತಾಕಿರಲೇ ಇಲ್ಲ.

ಓಲೆಗೆ ಮೂರು ಅರ್ಥ ಹೇಳಿದೆನಲ್ಲ, ನಾಲ್ಕನೆಯದೊಂದಿದೆ. ಗಂಡನಿರುವುದನ್ನು ಕನ್ನಡದಲ್ಲಿ ಓಲೆಭಾಗ್ಯ ಎನ್ನುತ್ತಾರೆ. ಆ ಓಲೆ ಕಳೆದವಳು ಕರೆಯೋಲೆಯನ್ನೂ ಮುಟ್ಟಬಾರದೆಂಬುದು ಒಂದೇ ಶಬ್ದದ ಎರಡು ಅರ್ಥಗಳು ಸೇರಿ ಕಟ್ಟಿದ ಬೇಲಿ. ಹಗಲೆಲ್ಲ ಕಾಲೇಜಿನಲ್ಲಿ ವಚನಗಳ ಪಾಠ ಹೇಳುವವನು ನಾನು. ಮಾತೆತ್ತಿದೆ. ಅತ್ತೆ, "ನಿನ್ನ ಪುಸ್ತಕದ ಮಾತು ಪುಸ್ತಕದಾಗೇ ಇರ್ಲಪ್ಪ. ನಾಳೆ ಹುಡುಗಿಗೆ ಏನಾದ್ರೂ ಆದ್ರೆ ಯಾರನ್ನ ಅಂತಾರೆ? ಇವಳನ್ನೇ ತಾನೆ?" ಎಂದರು. ಅವರು ಹೇಳಿದ ರೀತಿಯಲ್ಲಿ ಕ್ರೌರ್ಯವಿರಲಿಲ್ಲ. ಸೊಸೆ, ಮಗಳು, ಮೊಮ್ಮಗಳನ್ನು ಊರ ಬಾಯಿಂದ ಕಾಪಾಡಿ ಕಾಪಾಡಿ ದಣಿದ ಹೆಂಗಸಿನ ಹೆದರಿಕೆಯಿತ್ತು. ತಂಗಿಯೇ, "ಬಿಡಣ್ಣ, ಈಗ ಜಗಳ ಬೇಡ" ಎಂದು ಮಾತು ಮುಗಿಸಿದಳು.

ಮರುದಿನ ಅವಳು ನನ್ನ ಮೇಜಿನಿಂದ ಬಿಳಿಯ ಹಾಳೆಗಳ ಒಂದು ಕಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಒಂದು ಲೋಟ ನೀರಿಗೆ ಒಂದು ಚಮಚ ಅರಿಸಿನ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ, ಅಗಲವಾದ ಕುಂಚದಿಂದ ಹಾಳೆಗಳಿಗೆ ಬಳಿದು, ನೆರಳಿನಲ್ಲಿ ಹಗ್ಗಕ್ಕೆ ನೇತುಹಾಕಿದಳು. ಏನಿದು ಎಂದು ಕೇಳಿದ್ದಕ್ಕೆ, "ಲಕೋಟೆ ಒಳಗೆ ಹಾಕೋಕೆ. ಒಳಗಡೆ ಇರೋದು ಯಾರ ಕಣ್ಣಿಗೆ ಬೀಳುತ್ತಣ್ಣ?" ಎಂದಳು. ಮದುಮಗಳ ಫೋನಿನಲ್ಲಿ ಯಾರೋ ವಿದೇಶದವರು ಹೂವಿನ ಕಾಗದದಿಂದ ಲಕೋಟೆಗೆ ಅಸ್ತರು ಕೊಡುವುದನ್ನು ತಾಯಿಮಗಳು ರಾತ್ರಿ ಕೂತು ನೋಡಿದ್ದರಂತೆ.

ಆಮೇಲೆ ಹನ್ನೆರಡು ಸಂಜೆ ಮನೆಯವರೆಲ್ಲ ಆ ಕೆಲಸದಲ್ಲಿ ಕೂತೆವು. ಮಾಡಿ ನೋಡುವ ಮನಸ್ಸಿರುವ ವಾಚಕರಿಗೆ ಕ್ರಮ ಹೇಳುತ್ತೇನೆ. ಮೊದಲು ಒಂದು ಲಕೋಟೆಯ ಕಿವಿ ತೆರೆದು, ರಟ್ಟಿನ ಮೇಲಿಟ್ಟು, ಸುತ್ತ ಗೆರೆ ಎಳೆಯಬೇಕು. ಆ ಗೆರೆಯಿಂದ ಎರಡು ಪಕ್ಕಗಳಲ್ಲೂ ಮೂರು ಮಿಲಿಮೀಟರು ಒಳಕ್ಕೆ ಕತ್ತರಿಸಬೇಕು. ಇಲ್ಲವಾದರೆ ಅಸ್ತರು ಒಳಗೆ ಜಾರುವುದಿಲ್ಲ. ಕಿವಿಯ ಅಂಚಿನಲ್ಲಿ ಗೋಂದಿನ ಪಟ್ಟಿ ಇರುತ್ತದೆ. ಅಷ್ಟನ್ನು ಬಿಟ್ಟುಬಿಡಬೇಕು, ಅದನ್ನು ಮುಚ್ಚಿದರೆ ಲಕೋಟೆ ಬಾಯಿ ಕಚ್ಚುವುದಿಲ್ಲ. ಈ ರಟ್ಟೇ ಅಚ್ಚು. ಇದರ ಅಳತೆಗೆ ಹಾಳೆ ಕತ್ತರಿಸಿ ಲಕೋಟೆಯ ತಳಮುಟ್ಟ ಇಳಿಸಿ, ಕಿವಿಯನ್ನು ಒಮ್ಮೆ ಮಡಿಸಿ ಉಗುರಿನಿಂದ ಒತ್ತಬೇಕು. ಅನಂತರ ಕಿವಿ ತೆರೆದು, ಕಿವಿಯ ಭಾಗಕ್ಕೆ ಮಾತ್ರ ಅಂಟು ಸವರಬೇಕು. ಮೊದಲು ಅಂಟಿಸಿ ಆಮೇಲೆ ಮಡಿಸಿದರೆ ಒಳಪದರ ಮಡಿಕೆಯಲ್ಲಿ ಸುಕ್ಕುಗಟ್ಟಿ ನಿಲ್ಲುತ್ತದೆ. ಎರಡು ಪದರ ಒಟ್ಟಿಗೆ ಬಾಗುವಾಗ ಒಳಗಿನದಕ್ಕೆ ದಾರಿ ಕಡಿಮೆ ಸಾಕು. ಮೈದಾಹಿಟ್ಟಿನ ಅಂಟು ನೀರಿನದು, ಅರಿಸಿನ ಬಿಡಿಸಿಕೊಂಡು ಹರಿಯುತ್ತದೆ. ಅಂಗಡಿಯ ಕಡ್ಡಿಗೋಂದೇ ಒಳ್ಳೆಯದು. ಬಣ್ಣ ಬಳಿದ ಹಾಳೆ ಒಣಗಿದಾಗ ಹಪ್ಪಳದಂತೆ ಏಳುತ್ತದೆ. ಅದಕ್ಕೆ ಭಾರ ಹೇರಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ನಮ್ಮ ಮನೆಯಲ್ಲಿ ಇಷ್ಟು ಬಿಡುವಿಲ್ಲದೆ ದುಡಿದ ಕಾಲ ಇನ್ನೊಂದಿಲ್ಲ.

ಬರಿಯ ಹಳದಿ ಸಪ್ಪೆಯೆಂದು ಮದುಮಗಳು ಬೆಂಡೆಕಾಯಿ ತಂದಳು. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದರೆ ಐದೆಸಳಿನ ಹೂವಾಗುತ್ತದೆಂದು ಶಾಲೆಯ ಮಕ್ಕಳೆಲ್ಲರಿಗೂ ಗೊತ್ತು. ಅದನ್ನು ಬಣ್ಣದಲ್ಲಿ ಅದ್ದುವ ಬದಲು ತಂಗಿ ತಿಳಿಸುಣ್ಣದ ನೀರಿನಲ್ಲಿ ಅದ್ದಿ ಒತ್ತಿದಳು. ನೀರು ನೀರಾಗಿಯೇ ಇದ್ದು, ಹಾಳೆ ಮುಟ್ಟಿದ ಕ್ಷಣ ಕೆಂಪು ಹೂ ಎದ್ದಿತು. ಆರತಿಯ ಓಕುಳಿ ಕೆಂಪಾಗುವುದು ಇದೇ ಬಗೆಯಲ್ಲಿ. ಅರಿಸಿನಕ್ಕೆ ಕ್ಷಾರ ತಾಕಿದರೆ ಕೆಂಪು. ಹಿಂದಿನವರು ಮನೆಯಲ್ಲಿ ಕುಂಕುಮ ಮಾಡುತ್ತಿದ್ದದ್ದೂ ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಕೂಡಿಸಿಯೇ. ಹಾಳೆ ಒಣಗಿದಂತೆ ಕೆಂಪು ತಗ್ಗಿ ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು. ಅದೂ ಚೆನ್ನಾಗಿಯೇ ಇತ್ತು. ತಂಗಿ ಒಂದೊಂದು ಅಸ್ತರಿನ ಮೇಲೂ ಹೂ ಒತ್ತುತ್ತ ಹೋದಳು. ಅರಿಸಿನವೂ ಅದರಿಂದ ಹುಟ್ಟಿದ ಕುಂಕುಮವೂ ಅವಳ ಕೈಯಿಂದಲೇ ಇನ್ನೂರಿಪ್ಪತ್ತು ಲಕೋಟೆಗಳ ಒಳಗೆ ಸೇರಿದವು. ಅಸ್ತರಿಗೆ ಅರಿಸಿನವೇ ಏಕೆಂದು ನನ್ನ ಮಗ ಒಮ್ಮೆ ಕೇಳಿದ. ಪೇಟೆಯಲ್ಲಿ ಎಷ್ಟೊಂದು ಬಣ್ಣದ ಕಾಗದಗಳಿವೆಯಲ್ಲ! ಅಬ್ರಿಯೆಂಬ ಮೋಡದ ಬಣ್ಣದ ಕಾಗದವನ್ನು ಹದಿನೇಳನೆಯ ಶತಮಾನದ ಬಿಜಾಪುರದವರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂದು ನಾನೂ ಒಗ್ಗರಣೆ ಹಾಕಿದೆ. ತಂಗಿ ಉತ್ತರ ಕೊಡಲಿಲ್ಲ. ನನ್ನ ಹೆಂಡತಿ ನಮ್ಮಿಬ್ಬರನ್ನೂ ನೋಡಿದ ನೋಟದಲ್ಲಿ ಉತ್ತರವಿತ್ತು.

ಅರಿಸಿನಕ್ಕೆ ಒಂದು ದೌರ್ಬಲ್ಯವಿದೆ. ಅದು ಬಿಸಿಲನ್ನು ತಾಳುವುದಿಲ್ಲ. ಬಟ್ಟೆಯ ಮೇಲಿನ ಅರಿಸಿನದ ಕಲೆಯನ್ನು ಸಾಬೂನು ತೆಗೆಯಲಾರದೆ ಸೋತಾಗ ಹೆಂಗಸರು ಬಿಸಿಲಿಗೆ ಹರವುತ್ತಾರೆ. ಸಂಜೆಯ ಹೊತ್ತಿಗೆ ಕಲೆ ಮಾಯ. ಅದಕ್ಕೆಂದೇ ಬಣ್ಣಗಾರರು ಅರಿಸಿನವನ್ನು ನೆಚ್ಚುವುದಿಲ್ಲ. ಹೊರಗೆ ಹಚ್ಚಿದ ನಾಲ್ಕು ಮೂಲೆಯ ಹಳದಿ ಗೋಡೆಗೆ ಸಿಕ್ಕಿಸಿದ ಪತ್ರಿಕೆಯಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಲಕೋಟೆಯ ಒಳಗಡೆ ಕತ್ತಲೆ. ಅಲ್ಲಿ ಹಚ್ಚಿದ್ದು ಯಾರೂ ತೆರೆಯುವ ತನಕ ಹಾಗೆಯೇ ಇರುತ್ತದೆ. ಇದು ಪ್ರಕೃತಿಯ ನಿಯಮ. ನಾನು ಕಟ್ಟಿದ ಉಪಮೆಯಲ್ಲ. ಆದರೂ ಪಾಠ ಹೇಳುವವನಿಗೆ ಒಂದು ಮಾತು ತೋರದಿರಲಿಲ್ಲ. ಒಳಗಿನ ಕೆಲಸಕ್ಕೇ ಹೆಣ್ಣುಮಕ್ಕಳನ್ನು ಕೂಡಿಸಿದ ಲೋಕ ನಮ್ಮದು. ಕೌದಿಯ ಒಳಪದರಕ್ಕೆ, ರವಿಕೆಯ ಅಸ್ತರಿಗೆ, ಅಡುಗೆಮನೆಯ ಗೋಡೆಯ ಹಸೆಗೆ ಅವರು ಸುರಿದ ಜಾಣ್ಮೆಯನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಟ್ಟಿಲ್ಲ. ಅದನ್ನು ಹೊಗಳಿ ಸುಮ್ಮನಾಗುವುದು ಸುಲಭ. ಒಳಗಿನದು ಎಷ್ಟು ಚೆಂದವೆಂದು ಹಾಡಿದ ಮಾತ್ರಕ್ಕೆ ಹೊರಗೆ ಬರಬೇಡವೆಂದದ್ದು ಸರಿಯಾಗುವುದಿಲ್ಲ.

ಅಂಚೆಯ ಲೆಕ್ಕವನ್ನೂ ಹೇಳಬೇಕು. ಕಾಗದದ ತೂಕದ ಮೊದಲ ಮೆಟ್ಟಿಲು ಇಪ್ಪತ್ತು ಗ್ರಾಂ. ನಮ್ಮ ಕಾರ್ಡು ಆರೂವರೆ ಗ್ರಾಂ, ಲಕೋಟೆ ಆರು, ಅಸ್ತರು ಎರಡೂವರೆ, ಒಟ್ಟು ಹದಿನೈದು. ಆದ್ದರಿಂದ ಅಸ್ತರಿಗೆಂದು ಅಂಚೆಗೆ ಒಂದು ಕಾಸೂ ಹೆಚ್ಚು ಕೊಡಲಿಲ್ಲ. ಬಟ್ಟೆಯ ಅಸ್ತರು ಕೊಡುವವರು ಮಾತ್ರ ತಕ್ಕಡಿ ನೋಡಿಕೊಂಡು ಹೊರಡಬೇಕು. ಮೊಳಕಾಲ್ಮೂರಿನ ರೇಷ್ಮೆಯ ಚೂರುಗಳನ್ನು ಹಾಕೋಣವೆಂದು ನನ್ನ ಹೆಂಡತಿಗೆ ಆಸೆಯಿತ್ತು. ತೂಕದ ಮಾತಿರಲಿ, ಸೀರೆಗೆ ಕತ್ತರಿ ಹಾಕುವ ಗಳಿಗೆ ಬಂದಾಗ ಆಸೆ ತಾನಾಗಿ ತಗ್ಗಿತು.

ಮದುವೆ ವೈಶಾಖದಲ್ಲಿ ಚೆನ್ನಾಗಿ ನಡೆಯಿತು. ಇನ್ನೂರಿಪ್ಪತ್ತರಲ್ಲಿ ಬಹುಪಾಲು ಲಕೋಟೆಗಳು ಬೇರೆ ಲಕೋಟೆಗಳು ಹೋದ ದಾರಿಯಲ್ಲೇ ಹೋಗಿರಬೇಕು. ಕೆಲವರು ಊಟದ ಪಂಕ್ತಿಯಲ್ಲಿ, 'ಲಕೋಟೆ ತೆರೆದ ಕೂಡಲೇ ಅರಿಸಿನದ ವಾಸನೆ ಬಂತು' ಎಂದರು. ನನ್ನ ಸಹೋದ್ಯೋಗಿಯೊಬ್ಬರು ಬಿಚ್ಚಿ ಅಸ್ತರನ್ನು ಪುಸ್ತಕದ ಗುರುತಿಗೆ ಇಟ್ಟುಕೊಂಡಿದ್ದಾರೆ. ಇದನ್ನೆಲ್ಲ ಮಾಡಿದವರಾರೆಂದು ಕೇಳಿದವರಿಗೆ ಮದುಮಗಳು, "ನಮ್ಮಮ್ಮ. ಅರಿಸಿನ ಅಮ್ಮನದೇ" ಎಂದು, ಅತ್ತೆ ಹತ್ತಿರವಿದ್ದಾಗ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದಳು.

ಹೋದ ತಿಂಗಳು ಅತ್ತೆ ಮತ್ತೆ ಬಂದರು. ಅವರ ಮೊಮ್ಮಗನ ಮದುವೆ ಗೊತ್ತಾಗಿದೆ. ಕಾಫಿ ಕುಡಿದು, ಚೀಲದಿಂದ ಒಂದು ಲಕೋಟೆ ತೆಗೆದು ತಂಗಿಯ ಮುಂದಿಟ್ಟರು. "ನಿನ್ನ ಮಗಳ ಮದುವೇಲಿ ಮಾಡಿದ್ಯಲ್ಲ, ಹಂಗೇ ಮಾಡ್ಕೊಡವ್ವ, ಮುನ್ನೂರು. ಒಳಗಡೆ ತಾನೆ, ಅದಕ್ಕೇನು" ಎಂದರು.

ತಂಗಿ ಲಕೋಟೆಯನ್ನು ತಿರುಗಿಸಿ ನೋಡಿದಳು. "ಮಾಡ್ಕೊಡ್ತೀನಿ ಅತ್ತೆ. ಒಳಗೆ ಹಚ್ಚಿದ ಕೈಲೇ ಹೊರಗಿನ ನಾಕು ಮೂಲೆಗೂ ಹಚ್ಚಿಬಿಡ್ತೀನಿ. ಎರಡೂ ಒಂದೇ ಬಟ್ಟಲಿನ ಅರಿಸಿನ" ಎಂದಳು.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಖಾಲಿಯಾದ ಲೋಟವನ್ನು ಇನ್ನೊಮ್ಮೆ ಬಾಯಿಗಿಟ್ಟು, ಕೆಳಗಿಟ್ಟರು. ಹೊರಗೆ ಹೆದ್ದಾರಿಯ ಮೇಲೆ ಲಾರಿಗಳು ಹೋಗುತ್ತಿದ್ದವು. ಕೊನೆಗೆ, "ಎಷ್ಟು ಬೇಕಾದೀತು ಅರಿಸಿನ?" ಎಂದು ಕೇಳಿದರು.

"ಮುನ್ನೂರಕ್ಕೆ ಕಾಲು ಕಿಲೋ ಸಾಕು. ಕೊಂಬು ತನ್ನಿ, ಇಲ್ಲೇ ಕುಟ್ಟಿಸೋಣ."

ಈಗ ಹಿತ್ತಲಿನ ಹಗ್ಗದ ಮೇಲೆ ಮತ್ತೆ ಹಳದಿ ಹಾಳೆಗಳು ತೂಗುತ್ತಿವೆ. ಈ ಬರಹ ಮುಗಿಸುವ ಮುನ್ನ ಓಲೆಯೆಂಬ ಮಾತಿನ ಅರ್ಥಗಳನ್ನು ಇನ್ನೊಮ್ಮೆ ಓದೋಣವೆಂದು ನಿಘಂಟಿಗೆ ಕೈ ಹಾಕಿದೆ. ಆ ಸಂಪುಟದ ಅಡಿಯಲ್ಲಿ ನಲವತ್ತು ಅಸ್ತರುಗಳಿವೆಯಂತೆ. ನಾಳೆಯವರೆಗೆ ಎತ್ತಕೂಡದೆಂದು ತಂಗಿಯ ಅಪ್ಪಣೆಯಾಗಿದೆ.